ಎಲೆಯ ತೂತು ಯಾರ ಲೆಕ್ಕಕ್ಕೆ?

10 ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರೋ ಊರಲ್ಲಿ ನಾವಿದ್ದೀವಿ. ಆರ್ಡರ್ ಮಾಡಿದ್ದು ಬರುತ್ತೆ, ಬರದಿದ್ದರೆ ದುಡ್ಡು ವಾಪಸ್ ಬರುತ್ತೆ. ತರ್ತಾ ಇರೋ ಹುಡುಗ ಯಾವ ಸಿಗ್ನಲ್ಲಿನಲ್ಲಿ ನಿಂತಿದ್ದಾನೆ ಅನ್ನೋದೂ ಫೋನಿನಲ್ಲಿ ಕಾಣುತ್ತೆ. ಇದರ ಬಗ್ಗೆ ನನಗೇನೂ ತಕರಾರಿಲ್ಲ. ನನ್ನ ಹೊಟ್ಟೆಪಾಡೂ ಇಂಥದ್ದೇ ಸಾಫ್ಟ್‌ವೇರ್ ಬರೆಯೋದು. ಕೇಳಿದ್ದು ಕೇಳಿದ ಹೊತ್ತಿಗೆ ಸಿಗಬೇಕು, ಅಷ್ಟೇ ನಮ್ಮ ಕಸುಬು. ಆದರೆ ಈ ಅಭ್ಯಾಸ ಎಷ್ಟು ಮೈಗಂಟಿದೆ ಅಂದ್ರೆ, ಕೇಳದೇ ಇದ್ದದ್ದು ಏನಾದರೂ ಬಂದುಬಿಟ್ಟರೆ ಅದನ್ನ ಏನು ಮಾಡಬೇಕು ಅಂತಲೇ ಗೊತ್ತಾಗಲ್ಲ. ದೂರು ಕೊಡಬೇಕಾ, ಫೋಟೋ ತೆಗೀಬೇಕಾ, ಥ್ಯಾಂಕ್ಸ್ ಹೇಳಬೇಕಾ? ಹೇಳೋದಾದರೆ ಯಾರಿಗೆ?

ಈ ಲೇಖನ ಹಾಗೆ ಕೇಳದೇ ಬಂದವುಗಳ ಬಗ್ಗೆ. ಮತ್ತು ಅವು ಕೊಡೋ ಖುಷಿಗೆ ನಾನು ಯೋಗ್ಯನಾ ಅನ್ನೋ ಪ್ರಶ್ನೆಯ ಬಗ್ಗೆ. ಪ್ರಶ್ನೆ ಎತ್ತಿದ್ದು ನಾನಲ್ಲ, ನಮ್ಮವ್ವ. ಅದಕ್ಕೆ ಆಮೇಲೆ ಬರ್ತೀನಿ.

ನಾವಿರೋದು ಬೆಂಗಳೂರಿನ ಒಂದು ಬಾಡಿಗೆ ಮನೆಯ ಕೆಳಮಹಡಿಯಲ್ಲಿ. ಮನೆ ಗೋಡೆಗೂ ಕಾಂಪೌಂಡಿಗೂ ನಡುವೆ 4 ಅಡಿ ಅಗಲ, 20 ಅಡಿ ಉದ್ದದ ಮಣ್ಣಿದೆ. ಅದರಲ್ಲೊಂದು ಕರಿಬೇವಿನ ಗಿಡ, ಒಂದು ದಾಸವಾಳ, ಒಂದು ಗುಲಾಬಿ. ಗೋಡೆಗೊರಗಿ ಹನ್ನೆರಡು ಕುಂಡಗಳು. ಇದನ್ನ ಗಾರ್ಡನ್ ಅಂತ ಕರೆಯೋಕೆ ನನಗೇ ಸಂಕೋಚ. ನಮ್ಮೂರಲ್ಲಿ ಬಚ್ಚಲ ನೀರು ಹರಿಯೋ ಜಾಗ ಇದಕ್ಕಿಂತ ದೊಡ್ಡದಿದೆ, ಅಲ್ಲಿ ಬಾಳೆ ಬೆಳೀತೀವಿ. ಆದರೂ ಕಳೆದ ಒಂದು ವರ್ಷದಲ್ಲಿ ಈ 80 ಚದರಡಿಗೆ ಕರೆಯದೇ ಬಂದವರ ಪಟ್ಟಿ ನೋಡಿ.

ಮೇ ತಿಂಗಳಲ್ಲಿ ಜೋರು ಮಳೆ ಬಿದ್ದ ಮೂರನೇ ದಿನ ಬೆಳಿಗ್ಗೆ, ಸತ್ತೇಹೋಯ್ತು ಅಂತ ಬಿಟ್ಟಿದ್ದ ಒಂದು ಕುಂಡದಲ್ಲಿ ನಿಂಬೆಹಣ್ಣಿನ ಬಣ್ಣದ ಅಣಬೆಗಳು ಎದ್ದಿದ್ದವು. ಪ್ಲಾಸ್ಟಿಕ್ಕಿನದೇನೋ ಅನ್ನೋ ಹಾಗೆ ಅಚ್ಚ ಹಳದಿ. ತಿನ್ನೋ ಜಾತಿಯದಲ್ಲ. ಸಂಜೆ ಹೊತ್ತಿಗೆ ಬಾಡಿ ಮಲಗಿಬಿಟ್ಟವು. ಅಡುಗೆಮನೆ ಕಸದ ಗೊಬ್ಬರದ ಜೊತೆ ಬಂದ ಬೀಜದಿಂದ ಎರಡು ಟೊಮೆಟೊ ಸಸಿ, ಒಂದು ಪಪ್ಪಾಯಿ ಹುಟ್ಟಿದವು. ಬಟ್ಟೆ ಒಣಹಾಕೋ ತಂತಿಯ ತುದಿಯಲ್ಲಿ ಒಂದು ಜೊತೆ ಸೂರಕ್ಕಿ ಜೇಡರ ಬಲೆ, ಒಣ ನಾರು, ತೊಗಟೆ ಚೂರು ಎಲ್ಲ ಸೇರಿಸಿ ಚೀಲದಂಥ ಗೂಡು ಕಟ್ಟೋಕೆ ಶುರುಮಾಡಿ, ಅದ್ಯಾಕೋ ಅರ್ಧಕ್ಕೇ ಬಿಟ್ಟು ಹೋದವು.

ಗುಲಾಬಿ ಎಲೆಗಳ ಅಂಚಲ್ಲಿ ಒಂದು ದಿನ ಅರ್ಧ ಚಂದ್ರಾಕಾರದ ಕಚ್ಚುಗಳು ಕಂಡವು. ಮಕ್ಕಳ ಕ್ರಾಫ್ಟ್ ಪಂಚಿನಿಂದ ಕತ್ತರಿಸಿದ ಹಾಗೆ, ಅಷ್ಟು ನೀಟು. ಯಾವುದೋ ರೋಗ ಅಂದುಕೊಂಡು ಹುಡುಕಿದರೆ ಅದು ಎಲೆ ಕತ್ತರಿಸೋ ಜೇನುನೊಣದ ಕೆಲಸ. ಈ ನೊಣ ಎಲೆ ತಿನ್ನಲ್ಲ. ಇದಕ್ಕೆ ಹುಟ್ಟು ಇಲ್ಲ, ರಾಣಿ ಇಲ್ಲ, ಕೆಲಸಗಾರರೂ ಇಲ್ಲ. ಒಂಟಿ ಹೆಣ್ಣು ಎಲೆಯ ಚೂರನ್ನ ಕತ್ತರಿಸಿ, ಸುರುಳಿ ಸುತ್ತಿ ಹೊಟ್ಟೆಯಡಿ ಹಿಡಿದುಕೊಂಡು ಹಾರಿ, ಯಾವುದಾದರೂ ತೂತಿನೊಳಗೆ ಅದರಿಂದ ತೊಟ್ಟಿಲು ಕಟ್ಟುತ್ತೆ. ಒಂದೊಂದು ತೊಟ್ಟಿಲಲ್ಲಿ ಪರಾಗ ಮತ್ತು ಮಕರಂದದ ಉಂಡೆ, ಅದರ ಮೇಲೊಂದು ಮೊಟ್ಟೆ, ಮೇಲೆ ಮತ್ತೆ ಎಲೆಯ ಮುಚ್ಚಳ. ನಮ್ಮ ಮನೆಯಲ್ಲಿ ಅದು ಆರಿಸಿಕೊಂಡದ್ದು ಹಿಂದಿನ ಬಾಡಿಗೆಯವರು ಡಿಶ್ ಆಂಟೆನಾ ಹಾಕೋಕೆ ಕೊರೆಸಿದ್ದ ಡ್ರಿಲ್ ತೂತನ್ನ. ಆ ತೂತು ಮುಚ್ಚಿಸಿ ಅಂತ ಓನರ್ ಎರಡು ಸಲ ಹೇಳಿದ್ದರು.

ಇನ್ನು ಕರಿಬೇವು. ಕರಿಬೇವೂ ನಿಂಬೆಯೂ ಒಂದೇ ಕುಟುಂಬದ ಗಿಡಗಳು. ಹಾಗಾಗಿ ನಿಂಬೆಗೆ ಬರೋ ಕೆಲವು ಚಿಟ್ಟೆಗಳು ಕರಿಬೇವಿಗೂ ಬರ್ತವೆ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ತಟ್ಟಿ ತಟ್ಟಿ ನೋಡುತ್ತೆ. ಅದರ ನಾಲಿಗೆ ಕಾಲಲ್ಲೇ ಇದೆ ಅಂದುಕೊಳ್ಳಿ. ಇದು ಸರಿಯಾದ ಗಿಡ ಅಂತ ರುಚಿ ನೋಡಿ ಖಾತ್ರಿಯಾದ ಮೇಲೆ ಗಸಗಸೆ ಕಾಳಿನಷ್ಟು ಮೊಟ್ಟೆಯನ್ನ ಒಂದೊಂದಾಗಿ ಇಟ್ಟು ಹೋಗುತ್ತೆ. ಹೊರಬಂದ ಮರಿಹುಳ ಮೊದಲು ನೋಡೋಕೆ ಹಕ್ಕಿ ಹಿಕ್ಕೆಯ ಥರಾನೇ ಇರುತ್ತೆ, ಕಂದು, ಬಿಳಿ, ಅಂಟಂಟು. ಹಕ್ಕಿ ತನ್ನ ಹಿಕ್ಕೆಯನ್ನ ತಾನೇ ಯಾಕೆ ತಿನ್ನುತ್ತೆ ಹೇಳಿ? ನಾಲ್ಕು ಸಲ ಪೊರೆ ಬಿಟ್ಟು ಐದನೇ ಹಂತಕ್ಕೆ ಬಂದಾಗ ಅದೇ ಹುಳ ಎಲೆಹಸಿರು. ಆಗ ಮೆಲ್ಲಗೆ ಮುಟ್ಟಿದರೆ ತಲೆ ಹಿಂದಿನಿಂದ ಕೆಂಪಗಿನ ಕವಲು ಕೊಂಬು ಹೊರಗೆ ಚಾಚಿ, ಘಾಟು ವಾಸನೆ ಬಿಟ್ಟು ಹೆದರಿಸುತ್ತೆ. ಅಷ್ಟುದ್ದದ ಪ್ರಾಣಿ, ಎಷ್ಟು ಧೈರ್ಯ!

ಒಟ್ಟು ಆರು ಹುಳ ಇದ್ದವು. ಸ್ಟ್ಯಾಂಡಪ್ ಮೀಟಿಂಗಿಗೆ ಮೊದಲು ಕಾಫಿ ಲೋಟ ಹಿಡ್ಕೊಂಡು ಹೋಗಿ ಎಣಿಸೋದು ನನ್ನ ದಿನಚರಿಯಾಯ್ತು. ಒಂದೆರಡನ್ನ ಸಿಂಪಿಗ ಹಕ್ಕಿ ಎತ್ತಿಕೊಂಡು ಹೋಯ್ತು. ಒಂದು ಕಾಣೆಯಾಯ್ತು. ಒಂದು ಕೋಶವಾದ ಮೇಲೆ ಕಪ್ಪಗಾಗಿ, ಚಿಟ್ಟೆ ಬದಲು ಅದರೊಳಗಿಂದ ಸಾಸಿವೆಗಿಂತ ಚಿಕ್ಕ ಕಣಜಗಳು ಸಾಲಾಗಿ ಹೊರಬಂದವು. ಅವು ಕೋಶದೊಳಗೇ ಬೆಳೆದಿದ್ದವು. ಕೊನೆಗೆ ಎರಡು ಚಿಟ್ಟೆಯಾದವು. ಕಪ್ಪು ರೆಕ್ಕೆ, ಹಿಂದೆ ಬಿಳಿ ಚುಕ್ಕೆಗಳ ಸಾಲು: ಕಾಮನ್ ಮಾರ್ಮನ್. ಹೆಸರಲ್ಲೇ ಕಾಮನ್ ಅಂತಿದೆ, ಅಪರೂಪದ್ದೇನಲ್ಲ. ಒದ್ದೆ ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ತಾ ಇದ್ದ ಆ ಹೊತ್ತಲ್ಲಿ ನಾನು ಒಂದು ಕಾಲ್ ಮಿಸ್ ಮಾಡಿದೆ. ಅದರ ಬಗ್ಗೆ ಬೇಜಾರಿಲ್ಲ.

ಈ ಒಂದು ತಿಂಗಳಲ್ಲಿ ಗಿಡದ ಮೇಲ್ಭಾಗ ಬೋಳಾಗಿತ್ತು. "ಉಪ್ಪಿಟ್ಟಿಗೆ ಹಾಕೋಕೆ ಮನೇಲಿ ಗಿಡ ಇಟ್ಕೊಂಡು ಕರಿಬೇವು ಕೊಂಡು ತರ್ತಿದ್ದೀವಿ" ಅಂತ ನನ್ನ ಹೆಂಡತಿ ನಕ್ಕಳು. ಕೊಂಡು ತರೋದು ಎಷ್ಟಿನ ಮಾತು? ಒಂದು ಕಟ್ಟಿಗೆ 10 ರೂಪಾಯಿ.

ಈ 10 ರೂಪಾಯಿಯಲ್ಲೇ ಪ್ರಶ್ನೆ ಅಡಗಿದೆ.

ಆ ತಿಂಗಳಲ್ಲೇ ಅವ್ವ ಊರಿಂದ ಬಂದಿದ್ದಳು. ನಮ್ಮದು ಹಾವೇರಿ ಜಿಲ್ಲೆ, ಹಿರೇಕೆರೂರು ಕಡೆ. ಮಳೆ ನಂಬಿದ ಹೊಲ, ಹೆಚ್ಚಾಗಿ ಗೋವಿನಜೋಳ. ಬಂದ ಮರುದಿನ ಬೆಳಿಗ್ಗೆ ನಾನು ಕರಿಬೇವಿನ ಮುಂದೆ ಬಗ್ಗಿ ನಿಂತಿದ್ದು ನೋಡಿ ಹತ್ತಿರ ಬಂದಳು.

"ಏನ್ ನೋಡಾಕತ್ತೀಯೋ ತಮ್ಮಾ?"

"ಹುಳ ಅವ್ವಾ. ಚಿಟ್ಟಿ ಆಗ್ತೈತಿ."

ಅವ್ವ ಒಂದು ಸಲ ಹುಳ ನೋಡಿದಳು, ಒಂದು ಸಲ ನನ್ನ ಕೈಯಲ್ಲಿದ್ದ ಫೋನ್ ನೋಡಿದಳು. "ನಮ್ಮ ಹೊಲದಾಗ ಹುಳ ಬಿದ್ರ ನಿಮ್ಮಪ್ಪಗ ನಿದ್ದಿ ಬರೂದಿಲ್ಲ. ನೀ ಹುಳದ ಫೋಟೋ ತಗೀತಿ. ಇರ್ಲಿ ಬಿಡು, ಪಗಾರ ಬರ್ತೈತಿ, ಚಂದ ಕಾಣತೈತಿ."

ಇದನ್ನ ಅವ್ವ ಚುಚ್ಚೋಕೆ ಅಂದಿದ್ದಲ್ಲ. ಮಳೆ ಬಂತು ಅನ್ನೋ ಹಾಗೆ, ಇದ್ದದ್ದನ್ನ ಹೇಳಿದಳು, ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಆದರೆ ಆ ಮಾತಿಂದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಡ್ತು. ನಿಸರ್ಗದ ಸಣ್ಣಪುಟ್ಟ ಬೆರಗುಗಳಲ್ಲಿ ಖುಷಿಪಡೋದು ಸಂಬಳ ಬರೋರ ಸೌಲಭ್ಯವಾ? ಯಾವ ಹುಳದಿಂದ ನನಗೆ ನಷ್ಟ ಇಲ್ವೋ ಆ ಹುಳ ಮಾತ್ರ ನನಗೆ ಚಂದ ಕಾಣೋದಾದರೆ, ಅದು ಹುಳದ ಮೇಲಿನ ಪ್ರೀತಿಯಾ, ಅಥವಾ ನನ್ನ ಭದ್ರತೆಯನ್ನೇ ನಾನು ನೋಡಿ ಆನಂದಪಡ್ತಾ ಇದ್ದೀನಾ?

ಅವ್ವನ ಮಾತಿನ ಹಿಂದೆ ಏನಿದೆ ಅಂತ ನಿಮಗೆ ಗೊತ್ತಾಗಬೇಕು. 2018ರ ಮೇ ತಿಂಗಳಲ್ಲಿ, ಭಾರತದಲ್ಲೇ ಮೊದಲ ಸಲ, ಫಾಲ್ ಆರ್ಮಿವರ್ಮ್ ಅನ್ನೋ ಹುಳ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ ಕಾಣಿಸಿಕೊಂಡಿತು. ಮೂಲ ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತ್ತು, ಎರಡೇ ವರ್ಷದಲ್ಲಿ ಇಲ್ಲಿ. ಅದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಶಿವಮೊಗ್ಗಕ್ಕೂ ನಮ್ಮ ತಾಲ್ಲೂಕಿಗೂ ಅಷ್ಟೂ ದೂರ ಇಲ್ಲ. ಆ ಮುಂಗಾರಿನಲ್ಲಿ ಅದು ನಮ್ಮ ಕಡೆಗೂ ಬಂತು. ಹುಳ ಜೋಳದ ಸುಳಿಯೊಳಗೆ ಕೂತು ತಿನ್ನುತ್ತೆ, ಹಗಲು ಅಲ್ಲೇ ಅಡಗಿರುತ್ತೆ. ಸುಳಿ ಬಿಡಿಸಿ ನೋಡಿದರೆ ಮರದ ಪುಡಿಯಂಥ ಲದ್ದಿ, ಅದರ ಕೆಳಗೆ ಹುಳ. ಅದಕ್ಕೇ ನಮ್ಮ ಕಡೆ ಲದ್ದಿಹುಳ ಅಂತಾರೆ.

ಅಪ್ಪ ಮೂರು ಎಕರೆಗೆ ಮೂರು ಸಲ ಎಣ್ಣೆ ಹೊಡೆಸಿದರು. ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಆಮೇಲೆ ಅಕ್ಕಿ ತೌಡಿಗೆ ಬೆಲ್ಲದ ನೀರು ಕಲಸಿ, ಒಂದು ದಿನ ಹುದುಗಲು ಬಿಟ್ಟು, ಅದಕ್ಕೆ ವಿಷ ಬೆರೆಸಿ ಚಿಟಿಕೆ ಚಿಟಿಕೆ ಸುಳಿಗೆ ಹಾಕಿದರು. ಹುಳಕ್ಕೆ ಬೆಲ್ಲ ಉಣಿಸಿ ಕೊಲ್ಲೋದು. ಮನೆಯಲ್ಲಿ ಎಲ್ಲರೂ ಬಗ್ಗಿ ಬಗ್ಗಿ ಮಾಡಿದ ಕೆಲಸ ಅದು. ಆ ಹುಳದ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತಿರುತ್ತೆ, ಹಿಂಭಾಗದಲ್ಲಿ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕಿ. ಯಾರಾದರೂ ಚಂದ ಅಂದರೆ ಚಂದವೇ. ಆದರೆ ಆ ವರ್ಷ ನಮ್ಮೂರಲ್ಲಿ ಹಾಗೆ ಅನ್ನೋ ಬಾಯಿ ಯಾವುದಿತ್ತು?

ಹಾಗಾದರೆ ಅವ್ವ ಹೇಳಿದ್ದೇ ಸರಿ ಅನ್ಸುತ್ತೆ. ತತ್ವಜ್ಞಾನಿ ಕಾಂಟ್ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದ. ಕುದುರೆ ಸರಂಜಾಮು ಮಾಡೋರ ಮನೆಯಲ್ಲಿ ಹುಟ್ಟಿದ ಜರ್ಮನ್ ಮೇಷ್ಟ್ರು ಅವನು. 1790ರ ತನ್ನ ಪುಸ್ತಕದಲ್ಲಿ ಅವನು ಹೇಳೋದು, ಚೆಲುವಿನಿಂದ ಆಗೋ ಖುಷಿಗೆ ಒಂದು ಲಕ್ಷಣ ಇದೆ, ಅದರಲ್ಲಿ ಲಾಭದ ಲೆಕ್ಕ ಇರಲ್ಲ ಅಂತ. ಇದು ನನಗೆ ಬೇಕು, ಇದರಿಂದ ನನಗೇನೋ ಆಗಬೇಕು ಅನ್ನೋದು ಒಳಗೆ ಬಂದ ಕೂಡಲೇ ಅದು ಬೇರೆ ಥರದ ಖುಷಿ. ಹಸಿದವನಿಗೆ ಎಲ್ಲ ಊಟವೂ ರುಚಿ, ಹೊಟ್ಟೆ ತುಂಬಿದ ಮೇಲೆ ತಾನೇ ಯಾರಿಗೆ ನಿಜವಾಗಿ ರುಚಿ ಗೊತ್ತು ಅಂತ ಕಾಣೋದು, ಅಂತಲೂ ಅವನು ವಾದಿಸ್ತಾನೆ. ಇದನ್ನ ಹೊಲಕ್ಕೆ ತಂದರೆ ಏನಾಗುತ್ತೆ? ಅಪ್ಪನಿಗೆ ಹುಳದಲ್ಲಿ ಲಾಭ ನಷ್ಟದ ಲೆಕ್ಕ ಇದೆ, ಹಾಗಾಗಿ ಅವರಿಗೆ ಅದರ ಚೆಲುವು ಕಾಣಲ್ಲ. ನನಗೆ 10 ರೂಪಾಯಿ ಬಿಟ್ಟರೆ ಲೆಕ್ಕ ಇಲ್ಲ, ಹಾಗಾಗಿ ಕಾಣುತ್ತೆ. ಅಲ್ಲಿಗೆ ರೈತನ ಮಗ ಸಾಫ್ಟ್‌ವೇರ್ ಇಂಜಿನಿಯರ್ ಆದ ಮೇಲೆ ಅವನಿಗೆ ಕಣ್ಣು ಬಂತು ಅಂದ ಹಾಗಾಯ್ತು.

ಈ ತೀರ್ಮಾನ ನನಗೆ ಒಪ್ಪಿಗೆಯಾಗಲಿಲ್ಲ. ಅಭಿಮಾನಕ್ಕಲ್ಲ, ನಾನು ಕಣ್ಣಾರೆ ಕಂಡದ್ದಕ್ಕೆ ಅದು ತಾಳೆಯಾಗಲ್ಲ ಅಂತ.

ಅವ್ವನನ್ನೇ ತಗೊಳ್ಳಿ. ನಮ್ಮ ತಿಪ್ಪೆಯ ಮೇಲೆ ಪ್ರತಿ ಮಳೆಗಾಲ ತಾನಾಗೇ ಒಂದು ಕುಂಬಳ ಬಳ್ಳಿಯೋ ಹೀರೇ ಬಳ್ಳಿಯೋ ಹುಟ್ಟುತ್ತೆ. ಬೀಜ ಯಾರೂ ಹಾಕಿದ್ದಲ್ಲ. ಅದನ್ನ ಮೊದಲು ಕಂಡ ದಿನ ಅವ್ವನ ದನಿಯೇ ಬೇರೆ. ಹಿತ್ತಲಲ್ಲಿ ತಾನು ನೆಟ್ಟು ನೀರು ಹಾಕಿದ ಬಳ್ಳಿಗಿಂತ ಇದರ ಮೇಲೆ ಮುದ್ದು ಜಾಸ್ತಿ. ಗೊಬ್ಬರ ತುಂಬೋ ಆಳಿಗೆ "ಆ ಕಡೆ ಸಲಿಕಿ ಹಾಕಬ್ಯಾಡೋ" ಅಂತ ನಾಲ್ಕು ಸಲ ಹೇಳ್ತಾಳೆ. ಕಳೆ ತೆಗೆಯುವಾಗಲೂ ಅಷ್ಟೇ. ಸಾಲಿನ ನಡುವೆ ಹುಟ್ಟಿದ ಕಿರಕಸಾಲಿ, ಹಕ್ಕರಕಿಯನ್ನ ಕಳೆ ಅಂತ ಬಿಸಾಕಲ್ಲ, ಸೆರಗಲ್ಲಿ ಕಟ್ಟಿಕೊಂಡು ಬರ್ತಾಳೆ. ಆ ದಿನದ ಪಲ್ಯ ಉಣ್ಣುವಾಗ "ಹೊಲ ಕೊಟ್ಟಿದ್ದು" ಅಂತಾಳೆ. ಬಿತ್ತಿದ ಜೋಳಕ್ಕೆ ಈ ಮಾತನ್ನ ಅವಳು ಹೇಳಿದ್ದು ನಾನು ಕೇಳಿಲ್ಲ. ಜೋಳ ನಾವು ಬೆಳೆದದ್ದು, ಕಿರಕಸಾಲಿ ಹೊಲ ಕೊಟ್ಟಿದ್ದು.

ಇದು ಕಾಂಟ್ ಹೇಳಿದ ಲೆಕ್ಕವಿಲ್ಲದ ಖುಷಿ ಅಲ್ಲ, ನಿಜ. ಇದರಲ್ಲಿ ಪಲ್ಯ ಇದೆ. ಆದರೆ ಪಲ್ಯ ಮಾತ್ರ ಇರೋದೂ ಅಲ್ಲ. ಸಂತೆಯಲ್ಲಿ ಅದೇ ಸೊಪ್ಪು ಅಗ್ಗಕ್ಕೆ ಸಿಕ್ಕರೆ ಅವ್ವನ ಮುಖ ಹಾಗೆ ಅರಳಲ್ಲ. ಕೇಳದೇ ಬಂತು, ದುಡಿಯದೇ ಸಿಕ್ತು, ನಮ್ಮ ಕಡೆ ಯಾರೋ ನೋಡಿದರು ಅನ್ನೋ ಭಾವ ಅದು. ಉಪಯೋಗವೂ ಬೆರಗೂ ಒಂದೇ ಮಡಿಲಲ್ಲಿ ಇರಬಹುದು. ಅವೆರಡನ್ನ ಬೇರೆ ಬೇರೆ ಡಬ್ಬಿಯಲ್ಲಿ ಹಾಕೋದು ನಮ್ಮಂಥ ಓದಿದವರ ಚಟ.

ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಮಂದಣ್ಣ ನೆನಪಿರ್ತಾನೆ. ಓದು ತಲೆಗೆ ಹತ್ತದವನು, ಜೇನು ಹಿಡಿಯೋನು, ಊರವರ ಪಾಲಿಗೆ ಕೆಲಸಕ್ಕೆ ಬಾರದವನು. ಆದರೆ ದೊಡ್ಡ ವಿಜ್ಞಾನಿ ಅವನ ಬೆನ್ನು ಬಿದ್ದಿರೋದು ಅವನಿಗಿರೋ ಕಣ್ಣಿಗಾಗಿ. ಆ ಕಥೆ ಹೇಳೋನೂ ರೈತನೇ, ತೋಟದ ತಾಪತ್ರಯಕ್ಕೆ ಸೋತು ಎಲ್ಲ ಮಾರಿ ಹೋಗೋಣ ಅಂತ ಯೋಚಿಸ್ತಿರೋನು. ಬೆರಗಿಗೆ ಸಂಬಳದ ಚೀಟಿ ಬೇಕಿಲ್ಲ ಅನ್ನೋದಕ್ಕೆ 1980ರಲ್ಲೇ ಬಂದ ಆ ಪುಸ್ತಕ ಸಾಕು.

ಹಾಗಾದರೆ ಅವ್ವನಿಗೂ ನನಗೂ ಇರೋ ವ್ಯತ್ಯಾಸ ಕಣ್ಣಿನದಲ್ಲ. ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು ಶೀಗಿ ಹುಣ್ಣಿಮೆ.

ನಮ್ಮ ಕಡೆಯವರಿಗೆ ಗೊತ್ತು, ಉಳಿದವರಿಗೆ ಹೇಳ್ತೀನಿ. ದಸರಾ ಆದ ಮೇಲೆ ಬರೋ ಹುಣ್ಣಿಮೆ ಅದು. ಪೈರು ತುಂಬಿ ನಿಂತಿರೋ ಕಾಲ. ಭೂಮಿ ಬಸುರಿ ಅಂತ ಲೆಕ್ಕ, ಬಸುರಿಗೆ ಬಯಕೆ ಊಟ ಬಡಿಸಬೇಕು. ಕಡುಬು, ಬುತ್ತಿ, ರೊಟ್ಟಿ, ಪಲ್ಯ ಎಲ್ಲ ಮಾಡಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಅಡುಗೆಯನ್ನ ಕಲಸಿ ಹೊಲದ ಸುತ್ತ ಚೆಲ್ತಾ ಹೋಗೋದು. ಅದಕ್ಕೆ ಚರಗ ಅಂತಾರೆ. ಚೆಲ್ಲಿದ್ದನ್ನ ಇರುವೆ, ಕಾಗೆ, ಇಲಿ, ಯಾರು ಬೇಕಾದರೂ ತಿನ್ನಬಹುದು. ಚೆಲ್ಲಿದ ಮೇಲೆ ಹಿಂದೆ ತಿರುಗಿ ಲೆಕ್ಕ ಹಾಕೋರಿಲ್ಲ. ಆಮೇಲೆ ಮನೆಯವರೆಲ್ಲ ಹೊಲದಲ್ಲೇ ಕೂತು ಉಣ್ಣೋದು.

2018ರಲ್ಲೂ ಅವ್ವ ಚರಗ ಚೆಲ್ಲಿದಳು. ನಾನು ರಜೆ ಹಾಕಿ ಹೋಗಿದ್ದೆ. ಹೊಲದ ಒಂದು ಮೂಲೆಯಲ್ಲಿ ಸುಳಿಯೇ ಇಲ್ಲದ ದಂಟುಗಳು ನಿಂತಿದ್ದವು. ಅದರ ಮುಂದೆಯೂ ಒಂದು ತುತ್ತು ಬಿತ್ತು. "ಇಷ್ಟು ತಿಂದ ಮ್ಯಾಲೂ ಹುಳಕ್ಕ ಊಟಾ ಹಾಕ್ತೀಯೇನವ್ವಾ?" ಅಂದೆ. ಅವ್ವ ಚೆಲ್ಲೋದು ನಿಲ್ಲಿಸದೇ ಅಂದಳು: "ಹುಳಕ್ಕ ಎಣ್ಣಿ ಹೊಡದೀವಿ. ಇದು ಭೂಮಿತಾಯಿಗಿ. ಯಾರ್ ತಿಂತಾರ ಅನ್ನೂದು ಆಕಿ ಲೆಕ್ಕ."

ಈ ಮಾತು ಆಗ ನನಗೆ ಬರೀ ನಂಬಿಕೆಯ ಮಾತಾಗಿ ಕೇಳಿಸಿತ್ತು. ಈಗ ಅದರಲ್ಲೊಂದು ಗಟ್ಟಿ ವಿಚಾರ ಕಾಣುತ್ತೆ. ಅವ್ವನ ಹತ್ತಿರ ಎರಡು ಖಾತೆ ಇವೆ. ಒಂದು ಹೊಲದ್ದು, ಅಲ್ಲಿ ಹುಳಕ್ಕೆ ಜಾಗ ಇಲ್ಲ, ಕೊಲ್ಲೋದಕ್ಕೆ ಕೈ ನಡುಗಲ್ಲ. ಇನ್ನೊಂದು ತಿಪ್ಪೆ, ಬದು, ಚರಗದ್ದು, ಅಲ್ಲಿ ಯಾರು ಬಂದರೂ ಸರಿ. ಒಂದರ ಸಿಟ್ಟನ್ನ ಇನ್ನೊಂದಕ್ಕೆ ತರಲ್ಲ. ಮುಖ್ಯ ಅಂದ್ರೆ, ನಷ್ಟದ ವರ್ಷದಲ್ಲೂ ಎರಡನೇ ಖಾತೆ ಮುಚ್ಚಲ್ಲ. ಆ ಚರಗದ ಕಡುಬಿಗೆ ಹಾಕಿದ ಹಿಟ್ಟು, ಬೆಲ್ಲ ಆ ವರ್ಷ ನಮಗೆ ಪುಕ್ಕಟೆ ಏನಾಗಿರಲಿಲ್ಲ. ಅವಳ ಬೆರಗಿಗೆ ಅವಳೇ ಬೆಲೆ ಕೊಡ್ತಾಳೆ.

ಇನ್ನು ನನ್ನ ಖುಷಿ ನೋಡಿ. ನನ್ನ ಕರಿಬೇವನ್ನ ಹುಳ ತಿಂದರೆ ನಾನು ಬೀದಿ ತುದಿಯ ಗಾಡಿಯಿಂದ ಒಂದು ಕಟ್ಟು ತರ್ತೀನಿ. ಆ ಕಟ್ಟಿನಲ್ಲಿ ಒಂದೂ ತೂತಿಲ್ಲದ, ಮಿರಮಿರ ಹೊಳೆಯೋ ಎಲೆಗಳು. ಯಾಕೆ ತೂತಿಲ್ಲ? ಯಾರದೋ ಹೊಲದಲ್ಲಿ ಇದೇ ಕಾಮನ್ ಮಾರ್ಮನ್ ಹುಳಗಳಿಗೆ ಯಾರೋ ಎಣ್ಣೆ ಹೊಡೆದಿದ್ದಾರೆ. ಹೊಡೆಯದಿದ್ದರೆ ಆ ಸೊಪ್ಪು ಮಾರ್ಕೆಟ್ಟಿನಲ್ಲಿ ಹೋಗಲ್ಲ, ಯಾಕಂದ್ರೆ ತೂತಿರೋ ಕಟ್ಟನ್ನ ನಾನೇ ಪಕ್ಕಕ್ಕೆ ಸರಿಸ್ತೀನಿ, ನೀವೂ ಸರಿಸ್ತೀರಿ, ಆ್ಯಪ್ ಆದರೆ ಫೋಟೋ ಹಾಕಿ ರೀಫಂಡ್ ಕೇಳ್ತೀವಿ. ಅಂದರೆ ನನ್ನ ಮನೆ ಮುಂದಿನ ಆರು ಹುಳ ಬದುಕಲಿ ಅಂತ ಬಿಟ್ಟ ದಯೆಯ ಬಿಲ್ಲು ಇನ್ನೆಲ್ಲೋ ಸತ್ತ ಹುಳಗಳ ಹೆಸರಲ್ಲಿ ಹೋಗ್ತಾ ಇದೆ. ಹೊಡೆದವನ ಮೈಮೇಲೂ ಒಂದಷ್ಟು ಎಣ್ಣೆ ಬಿದ್ದಿರುತ್ತೆ. ಹೀಗಿದ್ದೂ ನಾವು ಆಫೀಸಿನ ಕ್ಯಾಂಟೀನಿನಲ್ಲಿ ಕೂತು "ಈ ರೈತರು ಏನೇನೋ ಹೊಡೀತಾರೆ ಕಣ್ರೀ" ಅಂತ ಮಾತಾಡ್ತೀವಿ. ಅವ್ವ ಹೇಳಿದ ಪಗಾರದ ಮಾತಿಗೆ ನನ್ನ ಉತ್ತರ ಸಿಕ್ಕಿದ್ದು ಇಲ್ಲಿ. ಖುಷಿಪಡೋದು ಸೌಲಭ್ಯವಲ್ಲ. ಖುಷಿಯ ಬೆಲೆಯನ್ನ ಬೇರೆಯವರ ಹೊಲಕ್ಕೆ ದಾಟಿಸೋಕೆ ಆಗುತ್ತಲ್ಲ, ಅದು ಸೌಲಭ್ಯ.

"ಹಾಗಾದರೆ ಚಿಟ್ಟೆ ನೋಡಿ ಖುಷಿಪಡಬಾರದಾ?" ಅಂತ ಕೇಳಿದರೆ, ಖಂಡಿತ ಪಡಬೇಕು ಅಂತೀನಿ. ತಪ್ಪಿತಸ್ಥ ಭಾವದಿಂದ ಯಾವ ರೈತನಿಗೂ ನಾಲ್ಕಾಣೆ ಲಾಭ ಇಲ್ಲ. ಕಾಂಟ್ ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗ ಹೇಳ್ತಾನೆ. ಹಳ್ಳಿಯ ಹವಾ ಸವಿಯಲು ಬಂದ ಅತಿಥಿಗಳನ್ನ ಮೆಚ್ಚಿಸೋಕೆ ಒಬ್ಬ ಯಜಮಾನ ಪೊದೆಯಲ್ಲೊಬ್ಬ ತುಂಟ ಹುಡುಗನನ್ನ ಅಡಗಿಸಿ ನೈಟಿಂಗೇಲ್ ಹಕ್ಕಿಯ ಹಾಗೆ ಊದಿಸ್ತಾನೆ. ಎಲ್ಲರೂ ಮೈಮರೆತು ಕೇಳ್ತಾರೆ. ಮೋಸ ಗೊತ್ತಾದ ಕ್ಷಣ, ಅದೇ ಸ್ವರವನ್ನ ಒಂದು ನಿಮಿಷ ಕೇಳೋಕೂ ಯಾರಿಗೂ ತಾಳ್ಮೆ ಇರಲ್ಲ. ಸ್ವರ ಬದಲಾಗಿಲ್ಲ, ಬದಲಾಗಿದ್ದು ಒಂದೇ: ಇದು ನಮಗೋಸ್ಕರ ಏರ್ಪಾಡು ಮಾಡಿದ್ದು ಅನ್ನೋದು ಗೊತ್ತಾಯ್ತು.

ನಾವೀಗ ಬದುಕ್ತಾ ಇರೋದು ಆ ಹುಡುಗನ ಊದುವಿಕೆಯ ನಡುವೆಯೇ. ಹಕ್ಕಿ ದನಿಯ ಅಲಾರಂ, ಲಿಫ್ಟಿನಲ್ಲಿ ಝರಿಯ ಸದ್ದು, ಕಡಿದ ಮರಗಳ ಹೆಸರನ್ನೇ ಇಟ್ಟುಕೊಂಡ ಲೇಔಟುಗಳು, ಬೆಳಿಗ್ಗೆ 6ಕ್ಕೆ 'ನೇಚರ್ ವಾಕ್' ಅಂತ ಬರೆದ ರೆಸಾರ್ಟು. ಎಲ್ಲವೂ ನಮಗೋಸ್ಕರ. ಕರಿಬೇವಿನ ಹುಳ ಮಾತ್ರ ನನಗೋಸ್ಕರ ಬಂದದ್ದಲ್ಲ. ಅದಕ್ಕೆ ನನ್ನ ಪರಿಚಯವೇ ಇಲ್ಲ. ನಾನು ಈ ಸ್ಪ್ರಿಂಟಿನಲ್ಲಿ ಎಷ್ಟು ಟಿಕೆಟ್ ಮುಗಿಸಿದೆ, ಅಪ್ರೈಸಲ್ಲಿನಲ್ಲಿ ಏನು ರೇಟಿಂಗ್ ಬಂತು, ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ದಿನವಿಡೀ ಯೋಗ್ಯತೆ ಸಾಬೀತು ಮಾಡ್ತಾ ಇರೋ ಜೀವಕ್ಕೆ, ಯೋಗ್ಯತೆ ಕೇಳದೇ ಏನೋ ಬರೋದು ಎಷ್ಟು ದೊಡ್ಡ ಸಮಾಧಾನ ಅನ್ನೋದು ನಿಮಗೂ ಗೊತ್ತು. ಅದು ಸುಳ್ಳು ಖುಷಿಯಲ್ಲ. ಆದರೆ ದುಡಿದು ಪಡೆದದ್ದಲ್ಲವಾದ್ದರಿಂದ ನನ್ನ ಹಕ್ಕೂ ಅಲ್ಲ. ಹಕ್ಕಲ್ಲದ್ದು ಸಿಕ್ಕಾಗ ಅವ್ವ ಒಂದು ಪಾಲು ಚೆಲ್ತಾಳೆ. ನಾನು ಏನು ಚೆಲ್ಲಲಿ?

ನನಗೆ ಹೊಳೆದದ್ದು ಸಣ್ಣ ಸಣ್ಣವೇ. ಒಂದು, ಕರಿಬೇವಿನ ಗಿಡದ ಕೆಳಗಿನ ಅರ್ಧ ಅಡುಗೆಗೆ, ಮೇಲಿನ ಅರ್ಧ ಹುಳಕ್ಕೆ. ಹುಳ ಕೆಳಗೆ ಇಳಿದರೆ ಎತ್ತಿ ಮೇಲೆ ಬಿಡ್ತೀನಿ. ಎಲ್ಲವೂ ನಿನ್ನದೇ ಅನ್ನೋ ನಾಟಕ ಬೇಡ, ಎಲ್ಲವೂ ನನ್ನದೇ ಅನ್ನೋ ದುರಾಸೆಯೂ ಬೇಡ. ಎರಡು, ಡ್ರಿಲ್ ತೂತು ಸದ್ಯಕ್ಕೆ ಹಾಗೇ ಇರುತ್ತೆ. ಓನರ್ ಹತ್ತಿರ ಮಾತಾಡಿ, ಮನೆ ಬಿಡುವಾಗ ನಾನೇ ಮುಚ್ಚಿಸಿಕೊಡ್ತೀನಿ ಅಂದಿದ್ದೀನಿ. ಮೂರು, ಹೊಲ ಮಾಡೋರಿಗೆ ಎಣ್ಣೆ ಬಗ್ಗೆ ಉಪದೇಶ ಮಾಡಲ್ಲ. ಅಪ್ಪನ ಜಾಗದಲ್ಲಿ ನಿಂತು ಮೂರು ಎಕರೆಯ ಸಾಲ ಹೊತ್ತವರು ಮಾತ್ರ ಆ ಮಾತಾಡಬಹುದು.

ನಾಲ್ಕನೆಯದೇ ಮುಖ್ಯ, ಅದು ಸೊಪ್ಪಿನ ಗಾಡಿಯ ಮುಂದೆ ಮಾಡೋ ಕೆಲಸ. ನಮ್ಮ ಬೀದಿಗೆ ಬರೋ ಸೊಪ್ಪಿನಮ್ಮ ತೂತಿರೋ ಕಟ್ಟುಗಳನ್ನ ಗಾಡಿಯ ಹಿಂದೆ, ಒದ್ದೆ ಗೋಣಿಚೀಲದ ಕೆಳಗೆ ಇಟ್ಟಿರ್ತಾರೆ. ಮೊದಲ ಸಲ ಅದನ್ನ ಕೇಳಿದಾಗ "ಅದ್ಯಾಕಪ್ಪಾ, ಹುಳ ಬಿದ್ದೈತೆ, ಹಸೀಗೆ ಹಾಕೋಕಿಟ್ಟಿದೀನಿ" ಅಂದರು. ಅವರ ಹತ್ತಿರ ವಾದ ಮಾಡಲಿಲ್ಲ, ಪೂರ್ತಿ ದುಡ್ಡು ಕೊಟ್ಟು ತಂದೆ. ಈಗ ವಾರಕ್ಕೆರಡು ಸಲ ಅವರೇ ಎತ್ತಿಡ್ತಾರೆ, ದುಡ್ಡು ಕಡಿಮೆ ಮಾಡೋಕೂ ಬರ್ತಾರೆ, ನಾನು ಒಪ್ಪಲ್ಲ. ತೂತಿರೋ ಸೊಪ್ಪಿಗೂ ಅದೇ ಬೆಲೆ ಸಿಗುತ್ತೆ ಅಂತ ಗಾಡಿಯಿಂದ ಮಂಡಿಗೆ, ಮಂಡಿಯಿಂದ ಹೊಲಕ್ಕೆ ಸುದ್ದಿ ಮುಟ್ಟೋಕೆ ನಾನೊಬ್ಬ ಸಾಲಲ್ಲ. ನೀವೂ ಸೇರಿದರೆ ಯಾವುದಾದರೂ ಹೊಲದಲ್ಲಿ ಒಂದು ಸಲದ ಎಣ್ಣೆ ಉಳಿಯಬಹುದೇನೋ. ಚಿಟ್ಟೆ ಫೋಟೋ ಹಾಕೋರೆಲ್ಲ ಇಷ್ಟು ಮಾಡಿದರೆ ಲೆಕ್ಕ ಸ್ವಲ್ಪವಾದರೂ ಸರಿಹೋಗುತ್ತೆ.

ಮೊನ್ನೆ ಫೋನಿನಲ್ಲಿ ಅವ್ವನಿಗೆ ಇದನ್ನ ಹೇಳಿದೆ. "ಹುಳಾ ಬಿದ್ದ ಸೊಪ್ಪಿಗಿ ರೊಕ್ಕಾ ಕೊಟ್ಟಿ?" ಅಂತ ಕೇಳಿ ಸುಮಾರು ಹೊತ್ತು ನಕ್ಕಳು. ಆಮೇಲೆ ಅಂದಳು: "ಉಪ್ಪು ನೀರಾಗ ಚಲೋತ್ನ್ಯಾಗ ತೊಳಿ. ಹುಳಾ ತೊಳದ್ರ ಹೊಕ್ಕಾವು. ಎಣ್ಣಿ ಹೋಗೂದಿಲ್ಲ."